ಶಾಲು ಹೊದ್ದ ಚೀಲ

ಓಣಿಯೆಲ್ಲ 'ದೊಡ್ಡ ಮೇಡಂ' ಎಂದು ಕರೆಯುತ್ತಿದ್ದ ನಿವೃತ್ತ ಮುಖ್ಯೋಪಾಧ್ಯಾಯಿನಿಗೆ ಸೊಂಟದ ಮೂಳೆ ಮುರಿದದ್ದಕ್ಕಿಂತ ಮಂಚದ ಪಕ್ಕ ತೂಗುತ್ತಿದ್ದ ಮೂತ್ರದ ಚೀಲವೇ ದೊಡ್ಡ ನೋವಾಗಿತ್ತು. ಅಂಗಿಯ ಗುಂಡಿ ಬಿಚ್ಚಿದ ಮಕ್ಕಳನ್ನು ತರಗತಿಯ ಹೊಸ್ತಿಲು ದಾಟಲು ಬಿಡದ ಹೆಂಗಸು ಅವರು. ಈಗ ನೋಡಲು ಬಂದವರೆಲ್ಲ ಅವರ ಮುಖಕ್ಕಿಂತ ಮೊದಲು ಚೀಲ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಜೊತೆಗಿದ್ದವಳು ಹಿರಿಮಗಳು. ತಾನೇ ಅಜ್ಜಿಯಾಗಿದ್ದರೂ ಅಮ್ಮ ಹುಬ್ಬು ಗಂಟಿಕ್ಕಿದರೆ ಅವಳಿಗೆ ಈಗಲೂ ಕೈಕಾಲು ಆಡುತ್ತಿರಲಿಲ್ಲ. ಚೀಲ ಸೊಂಟಕ್ಕಿಂತ ಕೆಳಗೇ ಇರಬೇಕು, ಮೇಲಿಟ್ಟರೆ ಹೊರಬಂದದ್ದು ಒಳಗೆ ಹರಿದು ಸೋಂಕಾಗುತ್ತದೆ, ವಯಸ್ಸಾಗಿ ಸಕ್ಕರೆ ಕಾಯಿಲೆಯೂ ಇರುವವರಿಗೆ ಅದು ಬೇಗ ತಗಲುತ್ತದೆ ಎಂದು ನರ್ಸ್ ಹೇಳಿದ್ದಳು. ಮಗಳು ತಲೆಯಾಡಿಸಿದ್ದಳು. ಆದರೆ ಬಾಗಿಲ ಬಳಿ ಚಪ್ಪಲಿ ಸದ್ದಾದರೆ ಸಾಕು, ಅಮ್ಮ ಹಲ್ಲು ಕಚ್ಚಿ ಹೇಳುತ್ತಿದ್ದರು:

"ಅದನ್ನ ಮೇಲೆ ತಗೊಂಡು ಮುಚ್ಚೇ."

ಮಗಳು ಚೀಲವನ್ನು ಹಾಸಿಗೆಗೆ ಎತ್ತಿ ಶಾಲು ಹೊದಿಸುತ್ತಿದ್ದಳು. ಬಂದವರೋ ಬೇಗ ಏಳುವ ಪೈಕಿಯಲ್ಲ. ಸತ್ತವರ ಸುದ್ದಿ ಮುಗಿಸಿ ಬದುಕಿರುವವರ ಸುದ್ದಿಗೆ ಕೈಹಾಕುತ್ತಿದ್ದರು. ಮೂತ್ರದ ಕೊಳವೆ ತೆಗೆಯೋಣವೇ ಎಂದು ಡಾಕ್ಟರು ಕೇಳಿದಾಗಲೂ, ಅಮ್ಮನನ್ನು ಪ್ರತಿ ಸಲ ಮೂತ್ರಕ್ಕೆ ಎತ್ತಿ ಕೂರಿಸುವ ಪಡಿಪಾಟಲು ನೆನೆದು ಇನ್ನೆರಡು ದಿನ ಇರಲಿ ಎಂದಳು ಅವಳು.

ನಡುಕ ಹಿಡಿದು ಜ್ವರ ಬಂತು. ಬೀಗರು ಹಣ್ಣಿನ ಬುಟ್ಟಿಯೊಂದಿಗೆ ಬಂದು ಕುಳಿತಿದ್ದಾಗಲೇ ಅದು ತಲೆಗೇರಿತು. ಯಾವುದೋ ಕಾಲದ ತರಗತಿಯನ್ನು ಗದರಿಸುತ್ತ ದೊಡ್ಡ ಮೇಡಂ ಶಾಲು, ಹೊದಿಕೆ, ಮೈಮೇಲಿನ ಬಟ್ಟೆ ಎಲ್ಲವನ್ನೂ ಕಿತ್ತೆಸೆದರು. ಬೀಗರು ಗೋಡೆ ನೋಡಿದರು. ಮಾನ ಕಾಯಲು ಹೋಗಿ ಮಾನವನ್ನೇ ಕಳೆದೆನಲ್ಲ ಎಂದು ಮಗಳು ಹೊರಗೆ ನಿಂತು ಅತ್ತಳು. ನರ್ಸ್‌ಗೆ ಎಲ್ಲ ಹೇಳಿಕೊಂಡಳು. ಅವಳು ಬೈಯಲಿಲ್ಲ, ಇಂಥದಕ್ಕೆ ಒಂದೇ ಕಾರಣ ಇರುವುದಿಲ್ಲ, ಆದರೆ ಇದೂ ಒಂದು ಎಂದಳಷ್ಟೆ.

ಔಷಧಿ ಹಿಡಿಯಿತು. ಹೊಸ ಕೊಳವೆ, ಹೊಸ ಚೀಲ ಬಂದವು. ಕಣ್ಣು ತಿಳಿಯಾದ ಕೂಡಲೇ ಅಮ್ಮ ಕೇಳಿದರು:

"ಬೀಗರು ಬರ್ತೀವಿ ಅಂದಿದ್ರಲ್ಲ. ಬಂದಿದ್ರಾ?"

"ಇಲ್ಲಮ್ಮ. ಯಾರೂ ಬರ್ಲಿಲ್ಲ."

ಅವಳು ಅಮ್ಮನಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡದ್ದು ಇದೇ ಮೊದಲು. ಅಷ್ಟರಲ್ಲಿ ಹೊರಗೆ ಚಪ್ಪಲಿ ಸದ್ದಾಯಿತು.

"ಮುಚ್ಚೇ," ಅಂದರು ಅಮ್ಮ.

ಮಗಳು ಚೀಲವನ್ನು ಮುಟ್ಟಲಿಲ್ಲ. ಶಾಲನ್ನು ಮಂಚದ ಕಂಬಿಗೆ ಹಾಕಿ ನೆಲದವರೆಗೆ ಇಳಿಬಿಟ್ಟಳು. ಚೀಲ ಅದರ ಹಿಂದೆ, ಇರಬೇಕಾದ ಜಾಗದಲ್ಲೇ ತೂಗುತ್ತಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಇಷ್ಟು ಸುಲಭವಿತ್ತಲ್ಲ ಎಂದುಕೊಳ್ಳುತ್ತ ಅವಳು ಬಾಗಿಲು ತೆರೆಯಲು ಹೋದಳು.