ಮಾತಾಡಸಾಕ ಬಂದವರು

ಆಟೋ ಇಳಿಯುವಾಗಲೇ ಜಾನಕೀಬಾಯಿಗೆ ಸಿಟ್ಟು ಬಂತು. ಮಲ್ಲಸಮುದ್ರದ ಆ ಮನೆಯ ಕಟ್ಟೆಯ ಕೆಳಗೆ ಹದಿಮೂರು ಜೊತೆ ಚಪ್ಪಲಿ ಬಿದ್ದಿದ್ದವು. ಮೂವತ್ತನಾಲ್ಕು ವರ್ಷ ಬೆಟಗೇರಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು, ಎಣಿಸದೆ ಬಿಡುವ ಕಣ್ಣಲ್ಲ ಅದು. ಒಳಗೆ ಒಬ್ಬ ಹೆಣ್ಣುಮಗಳು ಮಗ್ಗಲು ಬದಲಿಸಲಾಗದೆ ಮಲಗಿದ್ದಾಳೆ, ಹೊರಗೆ ನೋಡಿದರೆ ನಿಶ್ಚಯದ ಮನೆಯಷ್ಟು ಚಪ್ಪಲಿ!

"ಮಾತಾಡಸಾಕ ಬಂದಾರ್ರೀ ಅಕ್ಕೋರ," ಅಂದಳು ಸೊಸೆ ಕಾಂಚನಾ, ಚಹಾದ ತಟ್ಟೆ ಹಿಡಿದು ಅಡಿಗೆಮನೆಯಿಂದ ಹೊರಬರುತ್ತ. ಅವಳ ಕಣ್ಣು ಕೆಂಪಗಿದ್ದವು. ಬೆಳಗಿನಿಂದ ಅದು ಎಷ್ಟನೆಯ ತಟ್ಟೆಯೋ.

ನಿವೃತ್ತಿಯಾದ ಮೇಲೆ ಜಾನಕೀಬಾಯಿ ಗದಗಿನ ಒಂದು ಸಣ್ಣ ಸಂಸ್ಥೆಯಲ್ಲಿ ಸ್ವಯಂಸೇವಕಿಯಾಗಿ ಸೇರಿದ್ದಳು. ಆಸ್ಪತ್ರೆಯವರು ಇನ್ನು ನಮ್ಮ ಕೈಲಿಲ್ಲ ಎಂದು ಕಳಿಸಿದ ರೋಗಿಗಳ ಮನೆಗೆ ಹೋಗುವವರು ಇವರು. ಔಷಧಿ ಕೊಡುವುದು ಡಾಕ್ಟರ ಮತ್ತು ನರ್ಸ್ ಗುಲ್ನಾಜಳ ಪಾಲಿನದು. ಜಾನಕೀಬಾಯಿಯಂಥವರು ಹೋಗಿ ಕೂಡಬೇಕು, ತಲೆ ಬಾಚಬೇಕು, ಹಾಸಿಗೆ ಬದಲಿಸಬೇಕು, ಮನೆಯವರು ಒಂದು ತಾಸು ಕಣ್ಣು ಮುಚ್ಚುವ ಹಾಗೆ ಮಾಡಬೇಕು. ಸೇರುವ ಮುಂಚೆ ಎರಡು ದಿನದ ತರಬೇತಿ ಇತ್ತು. ಕೇಳಿರಿ, ಬುದ್ಧಿ ಹೇಳಬೇಡಿರಿ, ಯಾರ ಮೇಲೂ ಸಿಟ್ಟಾಗಬೇಡಿರಿ ಎಂದಿದ್ದರು. ಮೊದಲ ಎರಡನ್ನು ಜಾನಕೀಬಾಯಿ ನೋಟಬುಕ್ಕಿನಲ್ಲಿ ಬರೆದುಕೊಂಡಳು. ಮೂರನೆಯದನ್ನು ಬರೆಯಲೇ ಇಲ್ಲ. ಆಗದ ಮಾತನ್ನು ಬರೆದುಕೊಂಡು ಮಾಡುವುದೇನು?

ನೀಲಗಂಗವ್ವನಿಗೆ ಅರವತ್ತೊಂದು. ಎದೆಯ ಗಂಟಿನಿಂದ ಶುರುವಾದ ಕ್ಯಾನ್ಸರು ಬೆನ್ನೆಲುಬಿಗೆ ಇಳಿದಿತ್ತು. ಎರಡು ತಿಂಗಳಿಂದ ಜಾನಕೀಬಾಯಿ ಮಂಗಳವಾರ, ಶುಕ್ರವಾರ ಅವಳಲ್ಲಿಗೆ ಬರುತ್ತಿದ್ದಳು. ಬಂದಾಗೆಲ್ಲ ಈ ಮಾತಾಡಿಸುವವರ ಹಿಂಡು. ಮುಂಡರಗಿಯಿಂದ, ಶಿರಹಟ್ಟಿಯಿಂದ, ಎಲ್ಲೆಲ್ಲಿಂದಲೋ ಬರುತ್ತಾರೆ. ದ್ರಾಕ್ಷಿ, ಬ್ರೆಡ್ಡು ತಂದು ತಲೆದಿಂಬಿನ ಪಕ್ಕ ಇಡುತ್ತಾರೆ, ಅವಳು ಅದನ್ನು ನುಂಗಲಾರಳು ಎಂದು ಗೊತ್ತಿದ್ದೂ. ಆಮೇಲೆ ಇದೇ ರೋಗ ಬಂದು ತಮ್ಮ ಓಣಿಯಲ್ಲಿ ಯಾರು ಯಾರು ಹೇಗೆ ಹೇಗೆ ಸತ್ತರೆಂದು ಅವಳ ಮುಖದ ಮುಂದೆಯೇ ಹೇಳುತ್ತಾರೆ. ಚಹಾ ಕುಡಿದು ಏಳುವಾಗ, ನಾವು ಇಷ್ಟು ದೂರದಿಂದ ಬಂದರೂ ಒಂದು ಮಾತು ಆಡಲಿಲ್ಲವಲ್ಲ ಎಂದು ಮುಖ ಗಂಟು ಹಾಕುತ್ತಾರೆ. ಇಂಥವರನ್ನು ಬೆಂಚಿನ ಮೇಲೆ ನಿಲ್ಲಿಸಬೇಕು ಎನ್ನುವುದು ಜಾನಕೀಬಾಯಿಯ ಅಭಿಪ್ರಾಯ.

ಮೂರು ವಾರದ ಹಿಂದೆ ನೋವಿಗೆಂದು ಮಾರ್ಫಿನ್ ಗುಳಿಗೆ ಶುರುವಾಯಿತು, ನಾಲ್ಕು ತಾಸಿಗೊಂದು. ನೀಲಗಂಗವ್ವ ಎಷ್ಟೋ ದಿನದ ನಂತರ ನಿದ್ದೆ ಮಾಡಿದಳು. ಅದೂ ತಪ್ಪಾಯಿತು! "ಗುಳಿಗಿ ಕೊಟ್ಟು ಕೊಟ್ಟು ಮಲಗಸೇ ಬಿಟ್ಟಾಳ ಸೊಸಿ. ಮೈಮ್ಯಾಲ ಖಬರ ಇಲ್ಲ," ಎಂದು ನೀಲಗಂಗವ್ವನ ಮುಂಡರಗಿಯ ನಾದಿನಿ ಎಲ್ಲರೆದುರು ಅಂದಳು. "ಮುಂದಿನ ಸಲ ಬರ್ರಿ ಅತ್ತಿ, ಎಚ್ಚರ ಇರ್ತಾರ," ಎಂದು ಕಾಂಚನಾ ತಲೆ ತಗ್ಗಿಸಿ ಉತ್ತರ ಕೊಟ್ಟಿದ್ದಳು. ಆ ಉತ್ತರ ಜಾನಕೀಬಾಯಿಯ ಕಿವಿಯಲ್ಲಿ ಉಳಿದುಕೊಂಡಿತ್ತು.

ಈ ಶುಕ್ರವಾರ ಒಳಗೆ ಕಾಲಿಟ್ಟಾಗ ನೀಲಗಂಗವ್ವ ಎಚ್ಚರವಾಗಿದ್ದಳು. ಕೆಳತುಟಿ ಕಚ್ಚಿ ಕಚ್ಚಿ ರಕ್ತ ಒಸರಿತ್ತು, ಹಾಸಿಗೆಯ ಅಂಚನ್ನು ಮುಷ್ಟಿಯಲ್ಲಿ ಹಿಂಡಿ ಹಿಡಿದಿದ್ದಳು. ಸುತ್ತ ಕೂತವರಿಗೆ ಅದೇ ಖುಷಿ.

"ಇವತ್ತ ಚಲೋ ಎಚ್ಚರ ಅದಾಳ ನೋಡ್ರಿ," ಅಂದಳು ನಾದಿನಿ.

ಜಾನಕೀಬಾಯಿಗೆ ಸಿಟ್ಟು ನೆತ್ತಿಗೇರಿತು. "ಕಾಂಚನಾ! ಇಲ್ಲೆ ಬಾ. ಗುಳಿಗಿ ಕೊಟ್ಟೀಯೇನು?"

"ಕೊಟ್ಟೀನ್ರೀ. ಹತ್ತು ಗಂಟೆಕ್ಕ."

"ಸುಳ್ಳು ಹೇಳಬ್ಯಾಡ. ಮುಖಾ ನೋಡಿದ್ರ ಗೊತ್ತಾಗ್ತದ. ಮಂದಿ ಮಾತಾಡಸ್ಲಿಕ್ಕೆ ಬರ್ತಾರಂತ ಅತ್ತಿಗೆ ಇಂಥಾ ನೋವು ಕೊಟ್ಟು ಎಚ್ಚರ ಇಟ್ಟೀಯಲ್ಲ, ನಿನಗ ಕರಳು ಅದ ಏನು?"

ಹದಿಮೂರು ಜನ ಚಹಾದ ಕಪ್ಪು ಹಿಡಿದು ಕಾಂಚನಾಳನ್ನೇ ನೋಡಿದರು. ಅವಳು ಒಳಗೆ ಹೋಗಿ ಸ್ಟೀಲಿನ ಡಬ್ಬಿ ತಂದು ಜಾನಕೀಬಾಯಿಯ ಕೈಯಲ್ಲಿಟ್ಟು ತಿರುಗಿ ಹೋದಳು. ಡಬ್ಬಿಯಲ್ಲಿ ಖಾಲಿಯಾದ ಗುಳಿಗೆಯ ಹಾಳೆಗಳು, ಜೊತೆಗೆ ಹೊತ್ತು ಬರೆದಿಡಲು ಜಾನಕೀಬಾಯಿಯೇ ಗೆರೆ ಎಳೆದು ಕೊಟ್ಟ ಕಾಗದ. ಒಂದು ಹೊತ್ತೂ ತಪ್ಪಿರಲಿಲ್ಲ. ನಸುಕಿನ ಎರಡು ಗಂಟೆಯ ಎದುರು ಕೂಡ ಗುರುತು ಇತ್ತು.

ಹಾಗಾದರೆ ಈ ನೋವು ಎಲ್ಲಿಂದ ಬಂತು? ಜಾನಕೀಬಾಯಿ ಶಾಲೆಯ ದನಿಯಲ್ಲಿ, "ಎಲ್ಲಾರೂ ಹೊರಗ ಕಟ್ಟೀ ಮ್ಯಾಲೆ ಕೂಡ್ರಿ. ಹಾಸಿಗಿ ಬದಲಿ ಮಾಡೋದದ," ಅಂದಳು. ಎಲ್ಲರೂ ಗೊಣಗುತ್ತ ಎದ್ದರು. ಬಾಗಿಲು ಮುಂದೆ ಮಾಡಿ ನೀಲಗಂಗವ್ವನನ್ನು ಮೆಲ್ಲಗೆ ಮಗ್ಗಲಿಗೆ ಹೊರಳಿಸುವಾಗ ಸೆರಗಿನ ತುದಿಯ ಗಂಟೊಂದು ಜಾನಕೀಬಾಯಿಯ ಕೈಗೆ ಸಿಕ್ಕಿತು. ಬಿಚ್ಚಿದರೆ ಒಂಬತ್ತು ಗುಳಿಗೆ. ಎಂಜಲಿಗೆ ಅಂಚು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

"ಏನವಾ ಇದು?"

"ನಾಲಿಗಿ ಬುಡಕ ಇಟ್ಕೋತೀನ್ರೀ. ಆಕಿ ಆ ಕಡೆ ತಿರುಗಿದ ಮ್ಯಾಲ ತಗದು ಕಟ್ಟತೀನಿ." ನೀಲಗಂಗವ್ವ ಉಸಿರು ಹಿಡಿದು ಹಿಡಿದು ಹೇಳಿದಳು. "ಕಾಂಚನಾಗ ಏನೂ ಅನಬ್ಯಾಡ್ರಿ."

"ಅಂದದ್ದಾತು," ಅಂದಳು ಜಾನಕೀಬಾಯಿ. ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು. "ಯಾಕ ಹಿಂಗ ಮಾಡಿದಿ?"

"ಸಂಗಪ್ಪ ಬರ್ತಾನ ಐತವಾರ. ನಮ್ಮಣ್ಣ, ಲಕ್ಷ್ಮೇಶ್ವರದಾಂವ. ಅವನ್ನ ಬೈಬೇಕು ನಾ."

ಹೋದ ತಿಂಗಳು ಲಕ್ಷ್ಮೇಶ್ವರದ ಅಲ್ಮಾಸಬಿ ಬಂದು ಹೋಗಿದ್ದಳು. ಅವಳೂ ಮಾತಾಡಿಸಲೆಂದೇ ಬಂದವಳು. ತವರುಮನೆಯ ನೆರೆಯವಳು, ಇಪ್ಪತ್ತೆರಡು ವರ್ಷದ ಹಿಂದೆ ನೀಲಗಂಗವ್ವನ ತಾಯಿ ಇದೇ ರೋಗದಿಂದ ಮಲಗಿದಾಗ ಕೊನೆಯವರೆಗೂ ಮೈ ತೊಳೆದವಳು. ಆಗ ನಡೆದದ್ದು ಅವಳ ಬಾಯಿಂದಲೇ ಹೊರಬಿದ್ದಿತ್ತು. ಆಗ ಸಂಗಪ್ಪನ ಮಗಳಿಗೆ ಒಳ್ಳೆಯ ಕಡೆ ಮದುವೆ ಗೊತ್ತಾಗಿತ್ತು. ಮನೆಯಲ್ಲಿ ಕ್ಯಾನ್ಸರ್ ಇದೆ ಎಂದು ಬೀಗರಿಗೆ ತಿಳಿದರೆ ಸಂಬಂಧ ಮುರಿದೀತೆಂದು ಸಂಗಪ್ಪ ತಾಯಿಯನ್ನು ಹಿಂದಿನ ಕೋಣೆಗೆ ಹಾಕಿದ. ಕೇಳಿದವರಿಗೆಲ್ಲ ಬಾಳೆಹೊಸೂರ ಮಠದಲ್ಲಿ ಸೇವೆಗಿದ್ದಾಳೆ ಅಂದ. ಬಾಯಿ ಜೋರಿನ ತಂಗಿಗೂ ಅದನ್ನೇ ಹೇಳಿದ. ಮುದುಕಿ ಮೂರು ತಿಂಗಳು ನೀಲಾ ನೀಲಾ ಎಂದು ಹಲುಬಿದಳು.

"ಖಬರ ಕಳಿಸೇನಿ, ಆಕಿ ಬರಾಕ ಒಲ್ಲೆ ಅಂದ್ಲು ಅಂತ ಹೇಳ್ಯಾನ್ರೀ ನಮ್ಮವ್ವಗ," ಅಂದಳು ನೀಲಗಂಗವ್ವ. "ಒಲ್ಲೆ ಅಂದ್ಲು ಅಂತ! ಹೆಣಾ ಕುಂಡ್ರಿಸಿದ ಮ್ಯಾಲ ನನಗ ಖಬರ ಬಂತು. ಮಗಳು ಒಲ್ಲೆ ಅಂದ್ಲು ಅಂತನ ತಿಳಕೊಂಡು ಹ್ವಾದ್ಲು ನಮ್ಮವ್ವ."

ಜಾನಕೀಬಾಯಿ ಹಿತ್ತಲಿಗೆ ಹೋಗಿ ಗುಲ್ನಾಜಳಿಗೆ ಫೋನು ಹಚ್ಚಿ ಗಂಟಿನ ಸಂಗತಿ ಹೇಳಿದಳು.

"ದಿನಾ ಸರಿಯಾಗಿ ತಗೋತ ಹೋದ್ರ ನಿದ್ದಿ ಕಡಿಮಿ ಆಗ್ತೈತ್ರೀ ಅಕ್ಕೋರ," ಅಂದಳು ಗುಲ್ನಾಜ. "ನೋವೂ ಇರೂದಿಲ್ಲ, ಎಚ್ಚರಾನೂ ಇರ್ತಾರ. ತಿಳಿಸಿ ಹೇಳ್ರಿ. ಒಲ್ಲೆ ಅಂದ್ರ ಒತ್ತಾಯ ಮಾಡಬ್ಯಾಡ್ರಿ."

ತಿಳಿಸಿ ಹೇಳಿದ್ದಾಯಿತು. ನೀಲಗಂಗವ್ವ ತಲೆ ಅಲ್ಲಾಡಿಸಿದಳು.

"ನನಗ ನಿದ್ದಿ ಅಂಜಿಕಿ ಇಲ್ರೀ. ಆ ಗುಳಿಗಿ ಹೊಟ್ಟ್ಯಾಗ ಇಳಿದ್ರ ಎಲ್ಲಾರೂ ಚಲೋರು ಕಾಣ್ತಾರ. ಮೊನ್ನೆ ಮಲಗಿದಾಗ ಸಂಗಪ್ಪನೂ ಚಲೋ ಕಂಡ. ಹೋಗ್ಲಿ ಬಿಡು ಅನಿಸ್ತು. ಅಂಜಿಕಿ ಬಂತು ನೋಡ್ರಿ ನನಗ. ಅವತ್ತ ಬಿಟ್ಟೆ."

ಬುದ್ಧಿ ಹೇಳಬೇಡಿರಿ ಎಂದು ತರಬೇತಿಯಲ್ಲಿ ಹೇಳಿದವರು ಇಂಥ ಲೆಕ್ಕ ಬಿಡಿಸುವುದನ್ನು ಹೇಳಿಕೊಟ್ಟಿರಲಿಲ್ಲ. ಕೊನೆಗೆ ಜಗಳ ಆಡಿ ಆಡಿ ಒಂದು ಮಾತಿಗೆ ಬಂದರು. ಐತವಾರದ ನಸುಕಿನವರೆಗೆ ಎಲ್ಲ ಗುಳಿಗೆ ನುಂಗುವುದು, ಅವತ್ತು ಮುಂಜಾನೆಯದನ್ನು ಮಾತ್ರ ಬಿಡುವುದು.

ಅಡಿಗೆಮನೆಯಲ್ಲಿ ಕಾಂಚನಾ ಪಾತ್ರೆ ತಿಕ್ಕುತ್ತಿದ್ದಳು. ಜಾನಕೀಬಾಯಿ ಗಂಟಿನ ಕತೆ ಹೇಳಿ, "ನನ್ನಿಂದ ತಪ್ಪಾತವಾ," ಅಂದಳು.

ಕಾಂಚನಾ ತಿರುಗಿ ನೋಡಲಿಲ್ಲ. "ಅನ್ನೂದು ಮಂದಿ ಮುಂದ ಅಂದ್ರಿ. ತಪ್ಪಾತು ಅನ್ನೂದು ಅಡಿಗಿಮನ್ಯಾಗ ಅಂತೀರಿ."

ಜಾನಕೀಬಾಯಿ ಅಲ್ಲಿಂದ ನೆಟ್ಟಗೆ ಕಟ್ಟೆಗೆ ಬಂದಳು. "ಕೇಳ್ರಿ ಎಲ್ಲಾರೂ. ನಾ ಆಗ ಅಂದದ್ದು ಸುಳ್ಳು. ಕಾಂಚನಾ ಒಂದು ಗುಳಿಗಿನೂ ತಪ್ಪಿಸಿಲ್ಲ. ರಾತ್ರಿ ಎರಡಕ್ಕೂ ಎದ್ದು ಕೊಟ್ಟಾಳ. ನಿಮ್ಮೊಳಗ ಯಾರರ ಒಂದು ರಾತ್ರಿ ಎದ್ದೀರೇನು?" ಅಂದಳು. ಕ್ಷಮೆ ಕೇಳಲು ಬಂದವಳು ಅಲ್ಲೂ ಬೈದೇ ಮುಗಿಸಿದಳು. ನಾದಿನಿ ಚೀಲ ಎತ್ತಿಕೊಂಡು ಬಸ್ಸಿಗೆ ಹೊತ್ತಾಯಿತು ಅಂದಳು.

ಐತವಾರ ಜಾನಕೀಬಾಯಿಯ ಪಾಳಿ ಇರಲಿಲ್ಲ. ಆದರೂ ಒಂಬತ್ತಕ್ಕೇ ಬಂದಳು. ಹತ್ತೂವರೆಗೆ ಬಿಳಿ ಕಾರು ಬಂದು ನಿಂತಿತು. ಸಂಗಪ್ಪನದು ಇಸ್ತ್ರಿ ಮಾಡಿದ ಧೋತರ, ಹಣೆತುಂಬ ವಿಭೂತಿ, ಕೈಯಲ್ಲಿ ಹಣ್ಣಿನ ಬುಟ್ಟಿ. ಎಪ್ಪತ್ತರ ಮನುಷ್ಯ, ಬಾಗದೆ ನಡೆಯುತ್ತಿದ್ದ. ಅವನು ಬರುವನೆಂದು ಓಣಿಯವರೂ ಬೀಗರೂ ಕೋಣೆ ತುಂಬಿದ್ದರು. ಮುಂಡರಗಿಯ ನಾದಿನಿಯೂ ಮತ್ತೆ ಬಂದು ಮುಂದೆಯೇ ಕೂತಿದ್ದಳು.

"ಹೆಂಗದೀ ತಂಗೀ?" ಎಂದು ಸಂಗಪ್ಪ ಕುರ್ಚಿ ಎಳೆದುಕೊಂಡ. ಉತ್ತರಕ್ಕೆ ಕಾಯಲಿಲ್ಲ. ಸುತ್ತಲಿನವರ ಕಡೆ ತಿರುಗಿ, "ನಮ್ಮವ್ವನೂ ಹಿಂಗ ಮಲಗಿದ್ಲು. ಮೂರು ತಿಂಗಳು ಕೈಯಾಗ ಹಿಡದು ಜ್ವಾಪಾನ ಮಾಡಿದೆ," ಅಂದ. ಜನ ಅಯ್ಯೋ ಪಾಪ ಎಂದು ಲೊಚಗುಟ್ಟಿದರು. ಜಾನಕೀಬಾಯಿ ಬಾಗಿಲ ಬಳಿ ನಿಂತು ಹಲ್ಲು ಕಚ್ಚಿದಳು. ನೀಲಗಂಗವ್ವನ ಕುತ್ತಿಗೆಯ ನರ ಬಿಗಿದಿದ್ದವು, ಹಣೆಯ ಮೇಲೆ ಬೆವರು. ಕಣ್ಣು ಮಾತ್ರ ಸಂಗಪ್ಪನನ್ನು ಬಿಟ್ಟು ಕದಲಲಿಲ್ಲ.

"ಹಿಂದಿಂದೆಲ್ಲಾ ಮರತ ಬಿಡವಾ," ಅಂದ ಸಂಗಪ್ಪ. "ಮನಸಿನ್ಯಾಗ ಏನೂ ಇಟ್ಕೋಬ್ಯಾಡ. ಹೋಗೂ ಮುಂದ ಹಗುರಾಗಿ ಹೋಗಬೇಕು."

"ಹೌದವಾ, ಅಣ್ಣ ಇಷ್ಟು ದೂರ ಬಂದಾನ, ಒಂದು ಮಾತಾಡು," ಅಂದಳು ನಾದಿನಿ. "ನೀವರ ಹೇಳ್ರಿ ಅಕ್ಕೋರ."

"ನಾ ಹೇಳ್ಲಿಕ್ಕೆ ಬಂದಿಲ್ಲ. ಕೇಳ್ಲಿಕ್ಕೆ ಬಂದೀನಿ," ಅಂದಳು ಜಾನಕೀಬಾಯಿ.

ನೀಲಗಂಗವ್ವ ಬಾಯಿ ತೆರೆದಳು. "ಅಣ್ಣಾ, ನೀ ನನ್ನ ಮಾತಾಡಸಾಕ ಬಂದೀಯಲ್ಲ. ಕುಂಡರು. ಇವತ್ತ ನಾ ನಿನ್ನ ಮಾತಾಡಸ್ತೀನಿ. ಅವ್ವ ನನ್ನ ಕೇಳಿದಾಗ ಆಕಿಗೆ ಏನಂತ ಹೇಳಿದಿ?"

ಸಂಗಪ್ಪನ ಮುಖ ಇಳಿಯಿತು. "ಈಗ್ಯಾಕ ಅದು? ನಿನಗ ತ್ರಾಸ ಆಗ್ತೈತಿ. ಮಲಗು," ಎಂದು ಎದ್ದ. ಜಾನಕೀಬಾಯಿ ಒಂದು ಕುರ್ಚಿ ಎಳೆದು ಬಾಗಿಲಿಗೆ ಅಡ್ಡ ಹಾಕಿ ಕೂತಳು. ಅವನು ಬಂದು ಎದುರು ನಿಂತ. ಅವಳು ಕದಲಲಿಲ್ಲ.

"ಹಿಂದಿನ ಕ್ವಾಣ್ಯಾಗ ಕೂಡಿಹಾಕಿ ಮಠದಾಗ ಅದಾಳ ಅಂದ್ಯೋ ಇಲ್ಲೋ?" ನೀಲಗಂಗವ್ವನ ದನಿ ಒಡೆದು ಮೇಲೇರಿತು. "ನಿನ್ನ ಮಗಳ ಮದುವಿ ಅಕ್ಕಿಕಾಳು ಬೀಳಲಿ ಅಂತ ನಮ್ಮವ್ವನ ಬಾಯಿ ಮುಚ್ಚಿಸ್ದಿ! ಏನಂತ ಹೇಳಿದಿ ಆಕಿಗೆ? ನಾ ಸಾಯೂದ್ರಾಗ ನಿನ್ನ ಬಾಯಿಲೆ ಕೇಳಬೇಕು!"

ಸಂಗಪ್ಪ ಗೋಡೆ ನೋಡುತ್ತ ಏನೋ ಅಂದ.

"ಜೋರಾಗಿ ಹೇಳು. ಎಲ್ಲಾರೂ ಕೇಳಬೇಕು."

"ನೀಲಾ ಬರಾಕ ಒಲ್ಲೆ ಅಂದ್ಲು ಅಂತ ಹೇಳಿದ್ದೆ," ಅಂದ ಸಂಗಪ್ಪ.

"ನಾ ಅಂದಿದ್ನೇನು?"

"ಇಲ್ಲ." ಅವನ ಕಣ್ಣಲ್ಲಿ ನೀರು ಬಂತು. ಕೈ ಮುಗಿದ. "ತಪ್ಪಾತವಾ. ನನ್ನ ಮಾಫ ಮಾಡಿಬಿಡು."

ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಲ್ಲರೂ ನೀಲಗಂಗವ್ವನ ಬಾಯಿಯನ್ನೇ ನೋಡಿದರು. ಇನ್ನು ಅವಳು ಹೂಂ ಅಂದರೆ ಅತ್ತು ಎದ್ದು ಚಹಾ ಕುಡಿಯಬಹುದು ಎಂದು ಕಾದವರ ಹಾಗೆ.

"ಮಾಡೂದಿಲ್ಲ," ಅಂದಳು ನೀಲಗಂಗವ್ವ. "ಅದನ್ನ ಅವ್ವನ ಕೇಳು, ಹ್ವಾದ ಮ್ಯಾಲ. ಇನ್ನ ನಡಿ. ಹಣ್ಣ ತಗೊಂಡು ನಡಿ."

ಜಾನಕೀಬಾಯಿ ಎದ್ದು ಕುರ್ಚಿ ಸರಿಸಿದಳು. ಸಂಗಪ್ಪ ಹೊರಗೆ ಹೋದ. ಹಿಂದೆ ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು ಹೊರಟರು, ಯಾರೂ ಯಾರನ್ನೂ ಮಾತಾಡಿಸಲಿಲ್ಲ. ಹಣ್ಣಿನ ಬುಟ್ಟಿ ಅಲ್ಲೇ ಉಳಿದಿತ್ತು. ಜಾನಕೀಬಾಯಿ ಅದನ್ನು ಎತ್ತಿ ಓಡುವಂತೆ ಹೋಗಿ ಕಾರಿನ ಕಿಟಕಿಯಿಂದ ಅವನ ತೊಡೆಯ ಮೇಲೆ ಇಟ್ಟು ಬಂದಳು.

ತಿರುಗಿ ಬಂದಾಗ ನೀಲಗಂಗವ್ವ ಮೈಯೆಲ್ಲ ನಡುಗುತ್ತ ಅಂಗೈ ಚಾಚಿದ್ದಳು.

"ಕಾಂಚನಾ, ಗುಳಿಗಿ ಕೊಡವಾ."

ಕಾಂಚನಾ ಗುಳಿಗೆ ಕೊಟ್ಟು, ತಲೆ ಎತ್ತಿ ಹಿಡಿದು ನೀರು ಕುಡಿಸಿದಳು. ನೀಲಗಂಗವ್ವ ನುಂಗಿದಳು. ಆಮೇಲೆ ಸೊಸೆಯ ಕಡೆ ಮುಖ ಮಾಡಿ ಬಾಯಿ ದೊಡ್ಡದಾಗಿ ತೆರೆದು, ನಾಲಿಗೆ ಮೇಲೆತ್ತಿ, ಕೆಳಗೆ ಏನೂ ಇಲ್ಲವೆಂದು ತೋರಿಸಿದಳು.