ಮುರಿದ ಮೊನೆ

ತಿಂಗಳ ಮೊದಲ ಶನಿವಾರ ಹನ್ನೊಂದು ಗಂಟೆಗೆ ಚಾಕುಗಳಿಗೆ ಹೆಸರಾದ ಶೆಫೀಲ್ಡಿನ ಒಂದು ಪಬ್ಬಿನ ಮಹಡಿ ಕೋಣೆಯಲ್ಲಿ ಸೇರುತ್ತಿದ್ದವರು ಹದಿಮೂರು ಹದಿನಾಲ್ಕು ಮಂದಿ. ಎಲ್ಲರ ಜೇಬಿನಲ್ಲೂ ಒಂದೊಂದು ಮಡಿಚುವ ಚಾಕು. ಟ್ರೆವರ್ ಬ್ಯಾಗ್‌ಶಾ ಮಾತ್ರ ಒಂದು ಪೆಟ್ಟಿಗೆಯನ್ನೇ ಹೊತ್ತು ತರುತ್ತಿದ್ದ. ಬಂದವರು ತಮ್ಮ ಚಾಕುವನ್ನು ಮೇಜಿನ ಮೇಲೆ ಹಾಸಿದ ಬಟ್ಟೆಯ ಮೇಲಿಟ್ಟು ಕೂರಬೇಕು. ಯಾರು ಬೇಕಾದರೂ ಯಾರದನ್ನು ಬೇಕಾದರೂ ಕೇಳದೆ ಎತ್ತಿಕೊಂಡು ನೋಡಬಹುದು. ಅಲ್ಲಿದ್ದ ಕಟ್ಟುಪಾಡು ಇದೊಂದೇ. ಆಮೇಲೆ ಬಿಯರ್, ಹಂದಿಮಾಂಸದ ಪೈ, ಮಧ್ಯಾಹ್ನ ಎರಡರ ತನಕ ಅದೇ ಮಾತು: ಯಾವ ಕಾರ್ಖಾನೆಯ ಅಂಗಳದಲ್ಲಿ ಯಾರು ಮಾಡಿದ್ದು, ಹಿಡಿಗೆ ಯಾವ ಕೊಂಬು, ತೆರೆದಾಗ ಯಾವುದರ ಸದ್ದು ಚೆನ್ನ.

ಮೂವತ್ತೊಂದು ವರ್ಷ ಊರ ಬಸ್ಸು ಓಡಿಸಿ ನಿವೃತ್ತನಾಗಿದ್ದ ಲೆಸ್ಲಿ ಸ್ಟಾನಿಫೋರ್ತ್‌ಗೆ ಆ ಗುಂಪಿನಲ್ಲಿ ಒಂದು ತೂಕವಿತ್ತು. ಹೊಸಬರು ಬಂದರೆ ಪಾಠ ಹೇಳುವವನು ಅವನೇ.

"ಚಾಕು ಇರೋದು ಕೊಯ್ಯೋಕೆ ಕಣಪ್ಪ. ಮೀಟೋಕಲ್ಲ, ತಿರುಪೋಕಲ್ಲ. ಡಬ್ಬಿ ಮುಚ್ಚಳ ಎಬ್ಬಿಸೋಕೆ ಚಾಕು ಹಾಕೋನು ರೇಸಿನ ಕುದುರೆಗೆ ಇದ್ದಿಲು ಗಾಡಿ ಕಟ್ಟೋನು," ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಎಷ್ಟು ಸಲ ಹೇಳಿದರೂ ನಗುತ್ತಿದ್ದರು.

ಅವನ ಆಪ್ತ ಗೆಳೆಯ ಎರಿಕ್ ಡಂಗ್‌ವರ್ತ್ ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದ ಮೇಷ್ಟ್ರು. ಎರಿಕ್‌ನ ಬಳಿ ಇದ್ದದ್ದು ಒಂದೇ ಚಾಕು, ಅವನ ಅಪ್ಪ ಕಾರ್ಖಾನೆಯ ಊಟದ ಬಿಡುವಿನಲ್ಲಿ ತನಗಾಗಿಯೇ ಮಾಡಿಕೊಂಡದ್ದು. ಕಪ್ಪು ಕೋಣದ ಕೊಂಬಿನ ಹಿಡಿ, ಕುರಿಮರಿಯ ಗೊರಸಿನ ಹಾಗೆ ಓರೆಯಾಗಿ ಇಳಿದು ಮೊನೆಗೊಳ್ಳುವ ನೇರ ಅಲಗು. ಮಡಿಚಿದರೆ ಮೊನೆ ಹಿಡಿಯ ಒಳಚಡಿಯ ಕೊನೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ನಿಲ್ಲುತ್ತಿತ್ತು. ಎರಿಕ್ ಅದನ್ನು ತೋರಿಸುವಾಗ ಪ್ರತಿಸಲವೂ "ಇಲ್ಲಿ ನೋಡಿ, ಕೂದಲೂ ತೂರಲ್ಲ" ಎಂದು ಅಲ್ಲಿಗೇ ಬೆರಳಿಡುತ್ತಿದ್ದ. ಟ್ರೆವರ್ ಅದಕ್ಕೆ ಬದಲಾಗಿ ತನ್ನ ಪೆಟ್ಟಿಗೆಯಿಂದ ಮೂರು ಚಾಕು ಕೊಡುತ್ತೇನೆಂದು ಎರಡು ಸಲ ಕೇಳಿದ್ದ. ಲೆಸ್ಲಿ ಕೇಳಿರಲಿಲ್ಲ. ಆದರೆ ಅವನಿಗಿದ್ದಷ್ಟು ಆಸೆ ಟ್ರೆವರ್‌ಗೂ ಇರಲಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಎರಿಕ್‌ನ ಮಗಳು ಅಪ್ಪ ಅಮ್ಮನನ್ನು ಮೂರು ವಾರಕ್ಕೆ ಸ್ಪೇನಿಗೆ ಕಳಿಸಿದಳು.

"ವಿಮಾನದಲ್ಲಿ ಇದನ್ನ ಬಿಡಲ್ವಂತೆ," ಎಂದು ಎರಿಕ್ ಚಾಕುವನ್ನು ಲೆಸ್ಲಿಯ ಅಂಗೈಗೆ ಹಾಕಿದ. "ಡ್ರಾಯರ್‌ನಲ್ಲಿ ಇಟ್ರೆ ಬೇಜಾರು ಮಾಡ್ಕೊಳ್ಳತ್ತೆ. ಜೇಬಲ್ಲಿ ಇಟ್ಕೊಂಡು ತಿರುಗು. ಸೇಬು ಕೊಯ್ಕೊ, ದಾರ ಕತ್ತರಿಸ್ಕೊ. ನಿಂಗೆ ನಾನೇನು ಹೇಳೋದು, ಮಾರಾಯ."

ಲೆಸ್ಲಿ ಹತ್ತು ದಿನ ಅದನ್ನು ಕೂಸಿನ ಹಾಗೆ ನೋಡಿಕೊಂಡ. ಹನ್ನೊಂದನೆಯ ದಿನ ತನ್ನ ಬಾಡಿಗೆ ತೋಟದ ಗುಡಿಸಲಿನ ಬಾಗಿಲಿಗೆ ಹಸಿರು ಬಣ್ಣ ಬಳಿಯಲು ಹೋದ. ಹಳೆಯ ಡಬ್ಬಿ, ಮುಚ್ಚಳ ಒಣಗಿ ಕಚ್ಚಿಕೊಂಡಿತ್ತು. ಸ್ಕ್ರೂಡ್ರೈವರ್ ಮನೆಯಲ್ಲಿತ್ತು, ಮನೆ ಹತ್ತು ನಿಮಿಷದ ದಾರಿ, ಅದೂ ಏರು. ಜೇಬಿನಲ್ಲಿ ಚಾಕು ಇತ್ತು.

ಯೋಚಿಸಲೇ ಇಲ್ಲ ಎಂದು ಅವನು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಅದು ಸುಳ್ಳು. ಯೋಚಿಸಿದ್ದ. ಮೊನೆಯನ್ನು ಅಂಚಿನಡಿಗೆ ತೂರಿಸುವ ಮೊದಲು ಸುತ್ತ ಒಮ್ಮೆ ನೋಡಿದ್ದ, ಪಕ್ಕದ ತೋಟದಲ್ಲಿ ಯಾರಾದರೂ ಇದ್ದಾರೆಯೇ ಎಂದು.

ಟಿಕ್ ಎಂದಿತು, ಉಗುರು ಕತ್ತರಿಸಿದ ಹಾಗೆ. ಮುಚ್ಚಳವೂ ಎದ್ದಿತು. ಮುರಿದ ಚೂರು ಬಣ್ಣದೊಳಗೆ ಬಿದ್ದು ಮುಳುಗಿತು. ಒಂದು ಗೋಧಿಕಾಳಿನಷ್ಟು ಉದ್ದ, ಅಷ್ಟೇ. ಲೆಸ್ಲಿ ಮಣ್ಣಿನ ಮೇಲೆ ಕುಳಿತುಬಿಟ್ಟ.

ಮರುದಿನ ಬೆಳಿಗ್ಗೆ ರೆಗ್ ಮಾರ್ಪಲ್ಸನ ಬಳಿ ಹೋದ. ಎಂಬತ್ತು ದಾಟಿದ ರೆಗ್ ಹಳೆಯ ಇಟ್ಟಿಗೆ ಅಂಗಳದ ಮೂಲೆಯಲ್ಲಿ ಇನ್ನೂ ಸಾಣೆ ಹಿಡಿದು ಕೂರುತ್ತಿದ್ದ ಕಸಬುದಾರ. ಚಾಕುವನ್ನು ತಿರುವಿ ನೋಡಿದ.

"ಡಂಗ್‌ವರ್ತನದಲ್ವಾ ಇದು? ಅವರಪ್ಪನ ಪಕ್ಕದಲ್ಲೇ ಕೂತು ಕೆಲಸ ಮಾಡಿದೀನಿ ನಾನು."

"ಹೌದು. ಎರಿಕ್ಕೇ ಕೊಟ್ಟಿದ್ದು ನಂಗೆ," ಎಂದ ಲೆಸ್ಲಿ. ಅದು ನಿಜವೇ ಆಗಿತ್ತು. ಅದಕ್ಕೇ ಅಷ್ಟು ಸಲೀಸಾಗಿ ಬಾಯಿಗೆ ಬಂತು.

ರೆಗ್ ಅವನ ಮುಖವನ್ನೊಮ್ಮೆ ನೋಡಿ ಸಾಣೆ ತಿರುಗಿಸಿದ. ಅಲಗಿನ ಬೆನ್ನನ್ನು ತುಸು ಇಳಿಸಿ ಹೊಸ ಮೊನೆ ತೆಗೆದ. ತಿಳಿಯದವರಿಗೆ ಹುಟ್ಟಿನಿಂದಲೇ ಹಾಗಿತ್ತು ಅನ್ನಿಸಬೇಕು, ಹಾಗೆ. ಕೊಡುವಾಗ "ಹೇಳ್ಬಿಡು ಅವನಿಗೆ. ಬೇಗ ಹೇಳಿದ್ರೆ ಸಣ್ಣ ಮಾತು," ಎಂದಷ್ಟೇ ಅಂದ.

ಹೇಳಿಬಿಡಬೇಕೆಂದೇ ಲೆಸ್ಲಿ, ಸ್ಪೇನಿನಿಂದ ಮರಳಿದ್ದ ಎರಿಕ್‌ನ ಮನೆಗೆ ಹೋದದ್ದು. ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿದ್ದ ಎರಿಕ್ ಬಾಗಿಲಲ್ಲೇ ಕೈ ಚಾಚಿದ. ತೆರೆದ, ಮಡಿಚಿದ, ಕಿಟಕಿಯ ಬೆಳಕಿಗೆ ಹಿಡಿದ. ಹುಬ್ಬು ಗಂಟಿಕ್ಕಿತು.

"ಲೆಸ್ಲಿ, ಇದು ಸ್ವಲ್ಪ ಮೋಟಾಗಿದೆಯಾ?"

ಒಂದು ಉಸಿರಿನಷ್ಟು ಹೊತ್ತು ಸಿಕ್ಕಿತ್ತು. ಆ ಹೊತ್ತಿನಲ್ಲಿ ಲೆಸ್ಲಿಯ ಕಣ್ಣಿಗೆ ಕಂಡದ್ದು ಮೇಜಿನ ಸುತ್ತ ಕೂತ ಹದಿಮೂರು ಮುಖಗಳು, ಇದ್ದಿಲು ಗಾಡಿಯ ಮಾತು ಎತ್ತಿ ನಗುವ ಟ್ರೆವರ್.

"ಮೂರು ವಾರ ನೋಡಿಲ್ಲ ನೀನು," ಎಂದ. "ಕಣ್ಣಿಗೆ ಹಾಗನ್ಸತ್ತೆ. ಇದ್ದಿದ್ದೇ ಇಷ್ಟು."

"ಹೌದಾ," ಎಂದ ಎರಿಕ್. ಇನ್ನೊಮ್ಮೆ ನೋಡಿದ. "ಇರ್ಬೇಕು."

ಜೂನ್ ತಿಂಗಳ ಶನಿವಾರ ಎರಿಕ್ ಚಾಕುವನ್ನು ಬಟ್ಟೆಯ ಮೇಲಿಟ್ಟು, ಯಾರೂ ಕೇಳದೆಯೇ ಹೇಳಿದ: "ಇದರ ಮೊನೆ ಚಡಿ ಕೊನೆ ಮುಟ್ತಿತ್ತಲ್ವಾ? ಯಾರಿಗಾದ್ರೂ ನೆನಪಿದೆಯಾ?"

ಟ್ರೆವರ್ ಎತ್ತಿ ನೋಡಿದ. "ಎಲ್ಲಿ ಮುಟ್ಟತ್ತೆ? ನಡುವೆ ಇರುವೆ ಸಂಸಾರ ಹೂಡ್ಬಹುದು. ವರ್ಷಾನುಗಟ್ಟಲೆ ನಮ್ಮ ಕಿವಿ ಮೇಲೆ ಹೂವಿಟ್ಟಿದೀಯಲ್ಲೋ, ಕೂದಲೂ ತೂರಲ್ಲ ಅಂತ."

"ಮುಟ್ತಿತ್ತು. ನಂಗೆ ಗೊತ್ತು."

"ಹೋದ ಸಲ ಟೋಪಿ ತಲೆ ಮೇಲಿಟ್ಕೊಂಡು ಟೋಪಿ ಹುಡುಕಿದೋನು ನೀನು. ಕೇಳು ಲೆಸ್ಲಿನ. ಮೂರು ವಾರ ಅವನ ಜೇಬಲ್ಲಿತ್ತು."

ಎಲ್ಲರೂ ಲೆಸ್ಲಿಯತ್ತ ನೋಡಿದರು. ಲೆಸ್ಲಿ ಬಾಯೊಳಗಿದ್ದ ಪೈ ನುಂಗಿ, "ಮೇಷ್ಟ್ರಿಗೆ ಸ್ಪೇನಿನ ಬಿಸಿಲು ತಲೆಗೇರಿದೆ," ಎಂದ. ದೊಡ್ಡ ನಗು ಎದ್ದಿತು. ಎರಿಕ್ ತಾನೂ ನಕ್ಕ. ನಗುತ್ತಲೇ ಚಾಕುವನ್ನು ಮೆಲ್ಲನೆ ಎತ್ತಿ ಜೇಬಿಗೆ ಹಾಕಿಕೊಂಡ. ಅಷ್ಟು ವರ್ಷದಲ್ಲಿ ಅವನು ಎರಡು ಗಂಟೆಗೆ ಮೊದಲು ಅದನ್ನು ಎತ್ತಿಕೊಂಡದ್ದು ಅದೇ ಮೊದಲು.

ಜುಲೈಯಲ್ಲಿ ಎರಿಕ್ ಬರಲಿಲ್ಲ.

ಆಗಸ್ಟಿನ ಮೊದಲ ವಾರ ಲೆಸ್ಲಿಗೆ ಮಾರುಕಟ್ಟೆಯ ಮೀನಿನ ಅಂಗಡಿಯ ಸಾಲಿನಲ್ಲಿ ಎರಿಕ್‌ನ ಹೆಂಡತಿ ಮೇವಿಸ್ ಸಿಕ್ಕಳು. ಸೊರಗಿದ್ದಳು.

"ಅವರಿಗೆ ಹುಷಾರಿಲ್ಲ ಲೆಸ್ಲಿ," ಎಂದಳು. "ಮರೆವು. ಅವರಮ್ಮನಿಗೂ ಹೀಗೇ ಶುರುವಾಗಿದ್ದಂತೆ, ಇದ್ದದ್ದನ್ನ ಇಲ್ಲ ಅನ್ನೋದು, ಇಲ್ಲದ್ದನ್ನ ಇದೆ ಅನ್ನೋದು. ಸ್ಪೇನಿಂದ ಬಂದಾಗ್ಲೇ ಆ ಚಾಕು ವಿಷಯದಲ್ಲಿ ಗೊತ್ತಾಯ್ತಂತೆ. 'ದಿನಾ ನೋಡ್ತಿದ್ದ ನಮ್ಮಪ್ಪನ ಚಾಕೂನೇ ನಂಗೆ ಸರಿಯಾಗಿ ನೆನಪಿಲ್ಲ ಅಂದ್ರೆ ಇನ್ನೇನು ನೆನಪಿರತ್ತೆ' ಅಂತಾರೆ. ಕಾರು ಓಡಿಸೋದು ಬಿಟ್ಬಿಟ್ರು. ಅಡಿಗೆಮನೆ ಡಬ್ಬಕ್ಕೆಲ್ಲ ಚೀಟಿ ಅಂಟಿಸಿದಾರೆ."

ಸಾಲು ಮುಂದೆ ಸರಿಯಿತು. ಲೆಸ್ಲಿಯೂ ಸರಿದ.

"ಡಾಕ್ಟರು ಏನಂದ್ರು?"

"ದೊಡ್ಡಾಸ್ಪತ್ರೆಗೆ ಬರೆದಿದಾರೆ. ಕರೆ ಬರ್ಬೇಕು. ನೀವೊಂದ್ಸಲ ಬಂದು ಹೋಗಿ. ನಿಮ್ಮ ಮಾತಂದ್ರೆ ಅವರಿಗೆ ಧೈರ್ಯ."

ಆಗಲಾದರೂ ಹೇಳಬಹುದಿತ್ತು. "ಬರ್ತೀನಿ," ಎಂದ ಲೆಸ್ಲಿ. ಮೀನು ಕೊಳ್ಳದೆ ಸಾಲು ಬಿಟ್ಟು ಹೊರಟ. ಹೋಗಲಿಲ್ಲ. ವಾರವೆಲ್ಲ ಮನೆಯಲ್ಲಿ ಕೂತು, ದೊಡ್ಡಾಸ್ಪತ್ರೆಯವರು ಏನೂ ಇಲ್ಲ ಅಂದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದ. ಕನ್ನಡಿಯಲ್ಲಿ ಗಡ್ಡ ಹೆರೆಯುವಾಗ ಕೆನ್ನೆ ಮಾತ್ರ ನೋಡುತ್ತಿದ್ದ.

ಕೊನೆಗೆ ಎರಿಕ್ಕೇ ಬಂದ. ಮೇವಿಸ್ ಜೊತೆಗಿದ್ದಳು; ಒಬ್ಬನನ್ನೇ ಬಸ್ಸಿನಲ್ಲಿ ಕಳಿಸಲು ಅವಳಿಗೆ ಹೆದರಿಕೆ. ಲೆಸ್ಲಿಯ ಅಡಿಗೆಮನೆಯ ಮೇಜಿನ ಮುಂದೆ ಮೂವರೂ ಕೂತರು. ಎರಿಕ್ ಎದೆಯ ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದು, ಅದರಲ್ಲಿ ಬರೆದದ್ದನ್ನು ನೋಡಿಕೊಂಡು, ಮೇಷ್ಟ್ರಂತೆ ಸ್ಪಷ್ಟವಾಗಿ ಮಾತಾಡಿದ.

"ತಲೆ ನೆಟ್ಟಗಿರೋವಾಗ್ಲೇ ಕೊಡೋದನ್ನ ಕೊಟ್ಬಿಡ್ಬೇಕು ಅಂತ. ಟ್ರೆವರ್‌ಗೆ ಕೊಟ್ರೆ ಪೆಟ್ಟಿಗೆಗೆ ಹಾಕ್ತಾನೆ. ಮಗಳಿಗೆ ಬೇಡ. ನೀನಾದ್ರೆ ಹೇಗೆ ಇಟ್ಕೊಳ್ಬೇಕೋ ಹಾಗೆ ಇಟ್ಕೋತೀಯ." ಚಾಕುವನ್ನು ಮೇಜಿನ ಮೇಲಿಟ್ಟು ಲೆಸ್ಲಿಯ ಕಡೆ ಸರಿಸಿದ.

ಲೆಸ್ಲಿ ಅದನ್ನು ಮುಟ್ಟಲಿಲ್ಲ.

"ನಿನ್ನ ತಲೆಗೇನೂ ಆಗಿಲ್ಲ ಎರಿಕ್," ಎಂದ. ಅವನ ದನಿ ಅವನಿಗೇ ಯಾರದೋ ಅನ್ನಿಸಿತು. "ಮೊನೆ ಮುಟ್ತಿತ್ತು. ನಾನು ಮುರಿದೆ. ರೆಗ್ ಹತ್ರ ಸಾಣೆ ಹಿಡಿಸಿ ತಂದೆ."

ಗೋಡೆಯಾಚೆ ಪಕ್ಕದ ಮನೆಯವರ ರೇಡಿಯೋ ಕೇಳುತ್ತಿತ್ತು.

"ಏನ್ಮಾಡೋವಾಗ?" ಎಂದ ಎರಿಕ್.

"ಬಣ್ಣದ ಡಬ್ಬಿ. ಮುಚ್ಚಳ."

"ಯಾವತ್ತು?"

"ನೀನು ಹೋಗಿ ಹನ್ನೊಂದನೇ ದಿನ."

"ಎಷ್ಟುದ್ದ ಹೋಯ್ತು?"

ಲೆಸ್ಲಿ ಹೆಬ್ಬೆರಳಿನ ಉಗುರಿನ ಮೇಲೆ ಗುರುತು ಮಾಡಿ ತೋರಿಸಿದ. ಎರಿಕ್ ಪುಸ್ತಕ ತೆರೆದು, ಪೆನ್ಸಿಲಿನಿಂದ ಒಂದೊಂದನ್ನೂ ಬರೆದುಕೊಂಡ: ಡಬ್ಬಿ, ದಿನ, ಉದ್ದ. ಬರೆದು ಮುಗಿಸಿ, ಬರೆದದ್ದನ್ನು ಓದಿ, ಪುಸ್ತಕ ಮುಚ್ಚಿದ. ಆಮೇಲೆ ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡ.

ಮೇವಿಸ್ ದನಿ ಏರಿಸಲಿಲ್ಲ. "ಹನ್ನೊಂದು ವಾರ ಆಯ್ತು ಲೆಸ್ಲಿ. ಮಲಗಿದಲ್ಲೇ ಮಗಳ ಹುಟ್ಟಿದ ದಿನ, ನಮ್ಮ ಮದುವೆ ದಿನ ಬಾಯಿಪಾಠ ಮಾಡೋರು. ಮೀನಂಗಡಿ ಮುಂದೆ ನಾನು ಹೇಳಿದಾಗ ನೀವು ಕೇಳಿಸ್ಕೊಂಡ್ರಿ. ಕೇಳಿಸ್ಕೊಂಡು, ಡಾಕ್ಟರು ಏನಂದ್ರು ಅಂದ್ರಿ."

"ಅಂದೆ," ಎಂದ ಲೆಸ್ಲಿ. ತಪ್ಪಾಯಿತು ಎನ್ನಲು ಬಾಯಿ ತೆರೆದ. ಅಷ್ಟು ಸಣ್ಣ ಮಾತನ್ನು ಅವಳ ಮುಂದಿಡಲು ನಾಚಿಕೆಯಾಗಿ ಮುಚ್ಚಿದ.

ಎರಿಕ್ ಚಾಕುವನ್ನು ಎತ್ತಿಕೊಂಡು ಎದ್ದ. "ಅವತ್ತೇ ಹೇಳಿದ್ರೆ ಒಂದು ವಾರ ಬೈತಿದ್ದೆ," ಎಂದ. "ಎಂಟನೇ ದಿನ ಪಬ್ಬಿಗೆ ಹೋಗ್ತಿದ್ವಿ." ಬಾಗಿಲ ಬಳಿ ನಿಂತು, ತಿರುಗದೆ, "ಬರೋ ತಿಂಗಳ ಶನಿವಾರ ನಾನು ಬರ್ತೀನಿ. ಎಲ್ಲರ ಮುಂದೆ ನೀನೇ ಹೇಳ್ಬೇಕು. ನಾನಾಗಿ ಹೇಳೋಲ್ಲ," ಎಂದ.

ಸೆಪ್ಟೆಂಬರಿನ ಶನಿವಾರ ಲೆಸ್ಲಿ ನಿಂತುಕೊಂಡೇ ಹೇಳಿದ. ಡಬ್ಬಿಯ ಮಾತು, ರೆಗ್‌ನ ಮಾತು, ಸ್ಪೇನಿನ ಬಿಸಿಲೆಂದು ನಗಿಸಿದ್ದು, ಮೀನಂಗಡಿ, ಯಾವುದನ್ನೂ ಬಿಡಲಿಲ್ಲ. ಟ್ರೆವರ್ ಇದ್ದಿಲು ಗಾಡಿಯ ಮಾತು ಎತ್ತುತ್ತಾನೆಂದು ಕಾದ. ಟ್ರೆವರ್ ಎತ್ತಲಿಲ್ಲ. ಗ್ಲಾಸಿನ ತಳ ನೋಡುತ್ತ, "ಟೋಪಿ ವಿಷಯ ನಾನು ಆಡ್ಬಾರ್ದಿತ್ತು, ಎರಿಕ್," ಎಂದ. ಎರಿಕ್ ತಲೆಯಾಡಿಸಿದ. ಯಾರೋ ಪೈ ಕತ್ತರಿಸಿದರು. ಮಾತು ಬೇರೆ ಕಡೆ ಹೊರಳಿತು.

ಯಾರೂ ಬೈಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಲೆಸ್ಲಿ ಅಭ್ಯಾಸಬಲದಿಂದ ಎದುರಿನವನ ಚಾಕುವಿಗೆ ಕೈ ಚಾಚಿದಾಗ, ಆ ಮನುಷ್ಯ ಸಭ್ಯನಾಗಿಯೇ ಅದನ್ನು ತಾನೇ ಎತ್ತಿ, ತಾನೇ ತೆರೆದು, ಎರಡೂ ಮಗ್ಗುಲು ತೋರಿಸಿ, ಮಡಿಚಿ ತನ್ನ ಮುಂದೆ ಇಟ್ಟುಕೊಂಡ. ಲೆಸ್ಲಿಯ ಕೈ ಬಟ್ಟೆಯ ಮೇಲೆ ಹಾಗೇ ಉಳಿಯಿತು. ಆಮೇಲೆ ಅವನು ಯಾರ ಚಾಕುವಿಗೂ ಕೈ ಚಾಚಲಿಲ್ಲ.

ಬರುವುದನ್ನು ನಿಲ್ಲಿಸಬೇಕೆಂದಿದ್ದ. ಮೆಟ್ಟಿಲಲ್ಲಿ ಎರಿಕ್ ಅಡ್ಡ ನಿಂತು, "ನೀನು ತಪ್ಪಿಸ್ಕೊಂಡ್ರೆ ಇವರೆಲ್ಲ ನನ್ನ ಕೇಳ್ತಾರೆ, ಲೆಸ್ಲಿ ಎಲ್ಲಿ ಅಂತ. ನಂಗೆ ಬೇರೆ ಕೆಲಸ ಇದೆ," ಎಂದ. ಹಾಗಾಗಿ ಲೆಸ್ಲಿ ಬಂದ. ಮೇಜಿನ ಇನ್ನೊಂದು ಕೊನೆಯಲ್ಲಿ ಕೂತ. ಹೊಸಬರಿಗೆ ಪಾಠ ಹೇಳುವ ಕೆಲಸ ಯಾರೂ ಹೇಳದೆಯೇ ಬೇರೊಬ್ಬರಿಗೆ ಹೋಯಿತು. ದೊಡ್ಡಾಸ್ಪತ್ರೆಯವರು ಎರಿಕ್‌ನ ನೆನಪು ವಯಸ್ಸಿಗೆ ತಕ್ಕಂತಿದೆ, ಹೆದರುವಂಥದ್ದೇನಿಲ್ಲ ಅಂದರಂತೆ. ಅದೂ ಅವನಿಗೆ ತಿಳಿದದ್ದು ಟ್ರೆವರ್‌ನಿಂದ. ಎರಿಕ್ ಮತ್ತೆ ಕಾರು ಓಡಿಸತೊಡಗಿದ.

ಡಿಸೆಂಬರಿನಲ್ಲಿ ಸಭೆ ಮುಗಿದು ಎಲ್ಲರೂ ಚದುರಿದ ಮೇಲೆ ಲೆಸ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದ. ರಸ್ತೆಯ ಮೇಲೆ ಎರಿಕ್ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಹಾಕುತ್ತಿದ್ದ. ಕೈಯಲ್ಲಿ ಕಾರಿನ ಕೀಲಿ. ಮುಖ ಬಿಳಿಚಿತ್ತು.

"ಎಲ್ಲಿ ನಿಲ್ಲಿಸಿದ್ದೆ ನಾನು?" ಎಂದ, ಲೆಸ್ಲಿಗೋ ತನಗೋ ತಿಳಿಯದ ಹಾಗೆ.

"ಕೆಳಗೆ, ಚರ್ಚಿನ ಗೇಟಿನ ಹತ್ರ. ಬಸ್ಸಿಳಿದಾಗ ನೋಡ್ದೆ."

ಎರಿಕ್ ಹತ್ತಿರ ಬಂದು ಅವನ ಮುಖ ನೋಡಿದ. ಕೋಪವೇನೂ ಇರಲಿಲ್ಲ, ಅಳತೆ ಸರಿಯಿದೆಯೇ ಎಂದು ಮರದ ಹಲಗೆಯನ್ನು ನೋಡುವ ಹಾಗೆ ನೋಡಿದ.

"ನಿಜಾನಾ?"

"ನಿಜ."

"ನಾನೇ ಮರೆತಿದ್ದು ಹಾಗಾದ್ರೆ."

"ಹೌದು ಎರಿಕ್. ಈ ಸಲ ನೀನೇ ಮರೆತಿದ್ದು."

ಎರಿಕ್ ಇಳಿಜಾರಿನಲ್ಲಿ ಚರ್ಚಿನ ಕಡೆ ನಡೆದುಹೋದ. ಬಸ್ಸು ಬಂತು. ಲೆಸ್ಲಿ ಹತ್ತಲಿಲ್ಲ, ಅದನ್ನು ಹೋಗಗೊಟ್ಟ. ಐದು ನಿಮಿಷದ ಮೇಲೆ ಎರಿಕ್‌ನ ಕಾರು ಏರು ಹತ್ತಿ ಬಂದು ಅವನೆದುರು ನಿಧಾನವಾಯಿತು. ಕಿಟಕಿಯ ಗಾಜು ಅರ್ಧ ಇಳಿಯಿತು.

"ಅಲ್ಲೇ ಇತ್ತು," ಎಂದ ಎರಿಕ್. ಗಾಜು ಏರಿಸಿಕೊಂಡು ಹೊರಟುಹೋದ.