ಕುಂಟಕ್ಕನ ಬಲಗೈ

ಆಸ್ಪತ್ರೆಯ ಬಟ್ಟೆ ಒಗೆಯುವ ಶೆಡ್ಡಿನಲ್ಲಿ ಅವಳದು ಇಸ್ತ್ರಿ ಯಂತ್ರದ ಕೆಲಸ. ಯಂತ್ರವೆಂದರೆ ಎರಡಾಳುದ್ದದ ಕಾದ ಉರುಳೆ. ಈಚೆಯಿಂದ ಅವಳು ಒದ್ದೆ ಚಾದರ ಕೊಡಬೇಕು, ಆಚೆಯಿಂದ ಜೊತೆಗೆಲಸದ ದೊಡ್ಡಕ್ಕ ಎಳೆದುಕೊಳ್ಳಬೇಕು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದು. ಅದಕ್ಕೇ ಇಬ್ಬರೂ ಬಾಯಿ ಮುಚ್ಚದೆ ಮಾತಾಡುತ್ತಾರೆ. ಗಂಡನನ್ನು ಬಯ್ಯುವುದಾದರೂ ಸರಿ, ದನಿ ನಿಲ್ಲಕೂಡದು. ಆಚೆಯವರು ಸುಮ್ಮನಾದರೆ ಕೈ ಸಿಕ್ಕಿಕೊಂಡಿದೆ ಎಂದೇ ಲೆಕ್ಕ, ತಕ್ಷಣ ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತಬೇಕು. ಈ ನಿಯಮ ಆಡಳಿತದವರು ಮಾಡಿದ್ದಲ್ಲ. ಅವರು ಗೋಡೆಗೆ ಬರೆಸಿದ್ದು 'ಸ್ವಚ್ಛತೆ ಕಾಪಾಡಿ' ಎಂದಷ್ಟೇ. ಇದು ಕೈ ಸುಟ್ಟುಕೊಂಡವರು ಬಾಯಿಂದ ಬಾಯಿಗೆ ದಾಟಿಸಿದ್ದು.

ಮಧ್ಯಾಹ್ನ ಅರ್ಧ ಗಂಟೆ ಬಿಡುವು. ಹತ್ತು ನಿಮಿಷಕ್ಕೆ ಬುತ್ತಿ ಮುಗಿಸಿ ಅವಳು ಮೊಬೈಲ್ ಹಿಡಿಯುತ್ತಿದ್ದಳು. ಅದರೊಳಗೆ ಸಾವಿರಾರು ಜನ ಒಟ್ಟಿಗೆ ಆಡುವ ಆಟ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆ ರಾಜ್ಯದಲ್ಲಿ ತಿರುಗುತ್ತಾರೆ, ಮಾತುಗಳನ್ನು ಬರೆಯುತ್ತಾರೆ, ಎದುರಾದವರೊಡನೆ ಕಾದುತ್ತಾರೆ. ಅಲ್ಲಿ ಅವಳ ಹೆಸರು ಕುಂಟಕ್ಕ.

ಶುರುವಿನಲ್ಲಿ ಅವಳು ಕುಂಟಿಯಾಗಿರಲಿಲ್ಲ. ಆರು ವರ್ಷದ ಹಿಂದೆ ಮೊದಲ ಕಾಳಗದಲ್ಲೇ ಯಾವನೋ ಮಂಡಿಗೆ ಹೊಡೆದ. ಅಲ್ಲಿ ಬುಗ್ಗೆಯ ನೀರು ಕುಡಿದರೆ ಎಂಥ ಗಾಯವೂ ಮಾಯುತ್ತದೆ. ಸೋತವರು ಓಡಿಹೋಗಿ ಕುಡಿದು, ಏನೂ ಆಗಿಲ್ಲವೆಂಬಂತೆ ಮೈಕೊಡವಿಕೊಂಡು ಬರುತ್ತಾರೆ. ಅವಳು ಕುಡಿಯಲಿಲ್ಲ. ಕುಂಟುತ್ತಲೇ ಉಳಿದಳು. ಓಡಿ ಹಿಡಿಯಲಾಗದ್ದರಿಂದ ಸೇತುವೆಯ ಮೇಲೆ ನಿಂತು, ಬಂದವರನ್ನು ಎದುರಿಸುವುದನ್ನು ಕಲಿತಳು. ಮರುವರ್ಷ ಎಡಗೈಯ ಎರಡು ಬೆರಳು ಹೋದವು; ಬಿಲ್ಲು ಬಿಟ್ಟು ಈಟಿ ಹಿಡಿದಳು. ಆಮೇಲೆ ಒಂದು ಕಿವಿ. ಹೀಗೆ ಕುಂಟಕ್ಕನನ್ನು ಅವಳೊಬ್ಬಳೇ ಕಟ್ಟಲಿಲ್ಲ, ಹೊಡೆದವರೂ ಕಟ್ಟಿದರು. ದುಡ್ಡು ಸುರಿದು ಕೊಂಡ ಥಳಥಳ ಕವಚದವರ ಹೆಸರು ಯಾರಿಗೂ ನೆನಪಿರದು. ಇವಳನ್ನು ನಡಿಗೆಯಲ್ಲೇ ಗುರುತು ಹಿಡಿಯುತ್ತಿದ್ದರು.

ಇನ್ನೊಂದು ಗುರುತೂ ಇತ್ತು. ಎದುರಾಳಿ ಬರೆಯುತ್ತಿರುವ ಮಾತು ಪೂರ್ಣವಿರಾಮಕ್ಕೆ ಬಂದು ಮುಗಿಯುವ ತನಕ ಕುಂಟಕ್ಕ ಈಟಿ ಎತ್ತುವವಳಲ್ಲ. ಹೊಡೆದರೆ ಆಟವೇನೂ ತಡೆಯದು. ಅದು ಅವಳೇ ಹಾಕಿಕೊಂಡ ಗೆರೆ.

ಸೇತುವೆ ದಾಟುವ ಹೊಸಬರಿಂದ ಸುಂಕ ಕಿತ್ತುಕೊಳ್ಳಲು ಒಬ್ಬ ಹೊರಟ. ದಳಪತಿ ಎಂದು ತನಗೆ ತಾನೇ ಬಿರುದು ಕೊಟ್ಟುಕೊಂಡವನು. ಕುಂಟಕ್ಕ ಹೊಸಬರನ್ನು ತನ್ನ ಬೆನ್ನ ಹಿಂದೆ ಪುಕ್ಕಟೆ ದಾಟಿಸತೊಡಗಿದಳು. ಅವನು ಪಣ ಒಡ್ಡಿದ.

"ನೀನು ಗೆದ್ರೆ ಸುಂಕ ಬಿಡ್ತೀನಿ. ಸೋತ್ರೆ ಬುಗ್ಗೆ ನೀರು ಕುಡೀಬೇಕು. ಆ ಊನ ಎಲ್ಲ ಹೋಗ್ಬೇಕು."

ಎಲ್ಲಿ ಹೊಡೆಯಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗಾಯಗಳು ಹೋದರೆ ಅವಳೂ ಸಾವಿರಾರು ಜನರ ನಡುವೆ ಗುರುತು ಸಿಗದವಳು. ಅವಳು ಒಪ್ಪಿದಳು.

ಮಧ್ಯಾಹ್ನ ಕಾಳಗ. ನೂರಾರು ಜನ ನೋಡುತ್ತಿದ್ದರು. ಹದಿನೈದು ನಿಮಿಷಕ್ಕೆ ಇಬ್ಬರಲ್ಲೂ ಇನ್ನೊಂದೇ ಏಟಿಗೆ ಹೋಗುವಷ್ಟು ಜೀವ ಉಳಿದಿತ್ತು. ಆಗ ದಳಪತಿ ಬರೆದ: "ಕೇಳು ಕುಂಟಕ್ಕ, ನಾನು". ಅಷ್ಟಕ್ಕೇ ನಿಲ್ಲಿಸಿದ. ಅವಳ ಬಿಡುವು ಎಷ್ಟೆಂದು ವಿಚಾರಿಸಿಕೊಂಡೇ ಬಂದಿದ್ದ; ಅದು ಮುಗಿದು ಅವಳು ಎದ್ದುಹೋದರೆ ಗೆಲುವು ಅವನದು.

ಅಷ್ಟರಲ್ಲಿ ಮೇಲ್ವಿಚಾರಕ ಬಾಗಿಲಲ್ಲಿ ಕಾಣಿಸಿಕೊಂಡ. "ಲಾರಿ ಬಂದಿದೆ, ಸಹಿ ಹಾಕ್ಬೇಕಂತೆ. ಮಹಾರಾಣಿಯವರು ಸ್ವಲ್ಪ ದಯಮಾಡ್ತೀರಾ?"

"ಬಿಡುವಿನ್ನೂ ಮುಗಿದಿಲ್ಲ ಸಾರ್."

"ಲಾರಿಗೆ ಅದು ಗೊತ್ತಿಲ್ವಲ್ಲ."

ಅವಳು ಮೊಬೈಲನ್ನು ದೊಡ್ಡಕ್ಕನ ಕೈಗಿತ್ತಳು. "ಅವನ ಮಾತು ಮುಗಿದ ಮೇಲೆ ಈ ಈಟಿ ಗುರುತು ಒತ್ತಕ್ಕ. ಎರಡು ನಿಮಿಷದಲ್ಲಿ ಬಂದೆ."

ಬರುವಷ್ಟರಲ್ಲಿ ದೊಡ್ಡಕ್ಕನ ಮುಖ ಅರಳಿತ್ತು. "ಗೆದ್ದೆ ಕಣೆ. ಬಿದ್ದೇಹೋದ."

"ಮಾತು ಮುಗಿಸಿದ್ನಾ?"

"ಎಲ್ಲಿ ಮುಗಿಸ್ದ? ಇದ್ದಕ್ಕಿದ್ದ ಹಾಗೆ ಸುಮ್ಮನಾದ. ಸುಮ್ಮನಾದ್ರೆ ಒತ್ಬೇಕಲ್ವೇನೆ?"

ಅವಳು ಪರದೆ ನೋಡಿದಳು. ಜನ ಆಗಲೇ ಬರೆಯುತ್ತಿದ್ದರು. "ಕುಂಟಕ್ಕನೂ ಅಷ್ಟೇ ಬಿಡಿ." "ಸೋಲೋ ತನಕ ಎಲ್ಲರೂ ಧರ್ಮರಾಯರೇ." ದಳಪತಿ ಬಿದ್ದಲ್ಲಿಂದಲೇ ನಗುತ್ತಿದ್ದ. ಒತ್ತಿದ್ದು ನಾನಲ್ಲ ಎನ್ನಬಹುದಿತ್ತು. ಸಿಕ್ಕಿಬಿದ್ದವರೆಲ್ಲ ಹೇಳುವುದೂ ಅದನ್ನೇ. ಅಲ್ಲದೆ ದೊಡ್ಡಕ್ಕ ಮಾಡಿದ್ದರಲ್ಲಿ ತಪ್ಪೇನಿತ್ತು? ಹನ್ನೆರಡು ವರ್ಷ ಇವಳ ಕೈ ಉಳಿಸಿದ್ದೂ ಅದೇ ಅಭ್ಯಾಸ.

ಅವಳು ನಿಧಾನವಾಗಿ ಬರೆದಳು: "ಈ ಗೆಲುವು ನನಗೆ ಬೇಡ. ನಾಳೆ ಇದೇ ಹೊತ್ತು, ಇದೇ ಪಣ. ತಪ್ಪಿದ್ದು ಬಲಗೈ. ಅದನ್ನು ಬೆನ್ನಿಗೆ ಕಟ್ಟಿ ಬರುತ್ತೇನೆ. ಇನ್ನು ಯಾವತ್ತೂ ಬಿಚ್ಚುವುದಿಲ್ಲ."

ದೊಡ್ಡಕ್ಕ ಓದಿ ಹುಬ್ಬು ಗಂಟಿಕ್ಕಿದಳು. "ಒತ್ತಿದ್ದು ನಾನು. ನಿನ್ನ ಕೈ ಯಾಕೆ ಕಟ್ಕೊಂಡೆ?"

"ನಿನ್ನ ಕೈ ಕಟ್ಟಿದ್ರೆ ಚಾದರ ಯಾರು ಎಳೀತಾರೆ?"

"ತಮಾಷೆ ಬೇಡ. ಎಡಗೈಲಿ ಮೂರೇ ಬೆರಳು ಅಂತ ನೀನೇ ಅಂದಿದ್ದೆ. ಸೋಲ್ತೀಯ."

"ಸೋಲ್ತೀನೇನೋ."

ಸೋತಳು. ಮಾರನೆಯ ದಿನ ದಳಪತಿ ಪ್ರತಿ ಮಾತಿಗೂ ಪೂರ್ಣವಿರಾಮ ಹಾಕಿ, ನಾಲ್ಕೇ ನಿಮಿಷದಲ್ಲಿ ಕೆಡವಿದ. ಅವಳು ಕುಂಟುತ್ತ ಬುಗ್ಗೆಯ ತನಕ ನಡೆದು, ಎಲ್ಲರೆದುರು ನೀರು ಕುಡಿದಳು. ಮಂಡಿ ನೆಟ್ಟಗಾಯಿತು. ಬೆರಳು ಬಂದವು, ಕಿವಿ ಬಂತು. ದೊಡ್ಡಕ್ಕ ಬುತ್ತಿ ಹಿಡಿದುಕೊಂಡೇ ಹೆಗಲ ಮೇಲಿಂದ ಇಣುಕಿದಳು.

"ಎಷ್ಟು ಚೆನ್ನಾಗಿದಾಳಲ್ಲೇ."

"ಅದೇ ಸಂಕಟ ಅಕ್ಕ." ಆರು ವರ್ಷದ ಏಟುಗಳು ಒಂದು ಗುಟುಕಿಗೆ ಹೋಗಿದ್ದವು.

ದಳಪತಿ ಬರೆದ: "ಆ ಕಟ್ಟೂ ಬಿಚ್ಚು."

ಅವಳು ಪರದೆಯಲ್ಲಿ ಕುಂಟಕ್ಕನ ಬಲಗೈ ನೋಡಿದಳು. ಬಟ್ಟೆ ಬೆನ್ನ ಮೇಲೆ ಹಾಗೇ ಬಿಗಿದಿತ್ತು. ನೀರಿಗೆ ಗಾಯ ಮಾಯಿಸುವುದು ಗೊತ್ತಿತ್ತೇ ಹೊರತು ಗಂಟು ಬಿಚ್ಚುವುದು ಗೊತ್ತಿರಲಿಲ್ಲ.

"ಪಣ ಇದ್ದದ್ದು ಊನಕ್ಕೆ. ಇದು ನಾನೇ ಹಾಕಿಕೊಂಡದ್ದು."

ಅವನು ಏನೋ ಬರೆಯತೊಡಗಿದ. ಅವಳು ಕಾದಳು. ಅವನು ಅಳಿಸಿಬಿಟ್ಟ.

ಅಂದೇ ಆಟಕ್ಕೆ ಬಂದಿದ್ದ ಹುಡುಗಿಯೊಬ್ಬಳು ಕೇಳಿದಳು: "ಆ ಅಕ್ಕ ಕೈ ಯಾಕೆ ಕಟ್ಕೊಂಡಿದಾರೆ?" ನಿನ್ನೆ ಬಾಯಿಗೆ ಬಂದಂತೆ ಆಡಿದ್ದವರಲ್ಲೇ ಒಬ್ಬ ಮೊದಲಿನಿಂದ ಹೇಳತೊಡಗಿದ. ಅವನು ಮುಗಿಸುವಷ್ಟರಲ್ಲಿ ಅವಳು ಸೇತುವೆ ತಲುಪಿದ್ದಳು. ಸುಂಕ ಕೊಡಲಾರದ ಮೂವರು ಬಂದು ಅವಳ ಬೆನ್ನ ಹಿಂದೆ ನಿಂತರು. ಈಟಿಯನ್ನು ಎಡಗೈಗೆ ತೆಗೆದುಕೊಂಡು ಬರೆದಳು: "ದಳಪತಿ, ಇವರು ದಾಟಬೇಕು."